ಚೆಲ್ಲಪ್ಪ ಹೇಳಿದ ದೆವ್ವದ ಕಥೆ

ಅಮ್ಮ ಹೋದ ಮೇಲೆ ಅಪ್ಪನನ್ನು ಚೆನ್ನೈಗೆ ಕರೆತಂದೆ. ತಮಿಳು ಬಾರದ ಅವರು ದಿನವಿಡೀ ಸುಮ್ಮನೆ ಕೂತಿರುತ್ತಿದ್ದರು. ಒಂದು ಭಾನುವಾರ ಟಿವಿಯಲ್ಲಿ ‘ಕಾದಲಿಕ್ಕ ನೇರಮಿಲ್ಲೈ’ ಹಾಕಿದೆ.

1964ರ ಚಿತ್ರ. ನಿರ್ದೇಶಕ ಶ್ರೀಧರ್ ಅಲ್ಲಿಯವರೆಗೆ ‘ಕಲ್ಯಾಣ ಪರಿಸು’, ‘ನೆಂಜಿಲ್ ಓರ್ ಆಲಯಂ’ನಂಥ ಅಳಿಸುವ ಚಿತ್ರಗಳಿಗೇ ಹೆಸರಾಗಿದ್ದವರು. ಗೆಳೆಯ ಗೋಪು ಜತೆ ಸೇರಿ ಹೆಣೆದ ಈ ಕಥೆಯಲ್ಲಿ ಖಳನಾಯಕನೇ ಇಲ್ಲ. ಎಸ್ಟೇಟ್ ಯಜಮಾನನಿಗೆ ಶ್ರೀಮಂತ ಅಳಿಯ ಬೇಕು. ಅದಕ್ಕೆ ಬಡ ಪ್ರೇಮಿಯ ಗೆಳೆಯ ವೇಷ ಹಾಕಿ ಶ್ರೀಮಂತ ‘ಅಪ್ಪ’ನಾಗಿ ಬರುತ್ತಾನೆ. ನೋಡಿದರೆ, ಇವನ ಹುಡುಗಿಯೂ ಅದೇ ಮನೆಯ ಮಗಳು! ಒಂದು ಸುಳ್ಳು ಸ್ಟೇಟಸ್ ರಿಪೋರ್ಟ್ ಮುಚ್ಚಲು ಇನ್ನೆಷ್ಟು ಸುಳ್ಳು ಬೇಕೆಂದು ನಮ್ಮ ಐಟಿಯವರಿಗೆ ಹೇಳಬೇಕಿಲ್ಲ.

ಸಿನಿಮಾ ತೆಗೆಯುವ ಹುಚ್ಚಿನ ಮಗ ಚೆಲ್ಲಪ್ಪ (ನಾಗೇಶ್) ಅಪ್ಪನಿಗೆ (ಬಾಲಯ್ಯ) ದೆವ್ವದ ಕಥೆ ಹೇಳುವ ದೃಶ್ಯ ಬಂತು. ತೆರೆಯ ಮೇಲೆ ದೆವ್ವವಿಲ್ಲ. ನಾಗೇಶ್ ಬಾಯಲ್ಲೇ ಸದ್ದು ಹೊರಡಿಸುತ್ತಾರೆ, ಬಾಲಯ್ಯ ನಡುಗುತ್ತಾರೆ. ನನಗೆ ಕೇಳಿದರೆ, ಅರ್ಧ ನಗು ಆ ಕೇಳುವ ಮುಖದ್ದು. ಅಪ್ಪನ ಕಣ್ಣಲ್ಲಿ ನೀರು ಬರುವಷ್ಟು ನಗು. ಎಷ್ಟೋ ತಿಂಗಳ ಮೇಲೆ.

1979ರಲ್ಲಿ ಇದೇ ಕಥೆ ಕನ್ನಡದಲ್ಲಿ ‘ಪ್ರೀತಿ ಮಾಡು ತಮಾಷೆ ನೋಡು’ ಆಯಿತು. ಅದಕ್ಕಿಂತ ಅಪ್ಪನಿಗೆ ಹಿಡಿಸಿದ್ದು ಇನ್ನೊಂದು ಸಂಗತಿ: ಧಾರಾಪುರದಲ್ಲಿ ಹುಟ್ಟಿ, ರೈಲ್ವೆ ಕೆಲಸದಲ್ಲಿದ್ದು ಸಿನಿಮಾಕ್ಕೆ ಬಂದ ಈ ನಾಗೇಶ್ ಮನೆಮಾತು ಕನ್ನಡ.

‘ನಮ್ಮವನಾ? ಮೊದಲೇ ಹೇಳಬಾರದಿತ್ತೇನೋ’ ಅಂದರು. ‘ಆ ದೆವ್ವದ್ದು ಇನ್ನೊಮ್ಮೆ ಹಾಕು.’