ಲಿಗೂರಿಯನ್ನಿನ ‘ಚಂತಾ’: ನೆಡುವ ಕ್ರಿಯಾಪದವೊಂದರ ಮೂಲ ಮತ್ತು ಜ್ಞಾತಿಪದಗಳು

ಇಟಲಿಯ ಜಿನೋವಾ ಹಾಗೂ ಅದರ ಸುತ್ತಲಿನ ಕರಾವಳಿಯ ಲಿಗೂರಿಯನ್ ಭಾಷೆಯಲ್ಲಿ ‘ನೆಡು’ ಎಂಬರ್ಥದ ಕ್ರಿಯಾಪದ ‘ಚಂತಾ’. ಇಟಾಲಿಯನ್ನಿನ ‘ಪಿಯಂತಾರೆ’ಯ ಪಕ್ಕದಲ್ಲಿರಿಸಿದರೆ ಇದು ಅದರ ಅಪಭ್ರಂಶವೆಂದೇ ತೋರೀತು. ಲಿಗೂರಿಯನ್ನನ್ನು ಇಟಾಲಿಯನ್ನಿನ ಉಪಭಾಷೆಯೆನ್ನುವ ರೂಢಿ ಇನ್ನೂ ಅಳಿದಿಲ್ಲ. ಅಲ್ಪಸಂಖ್ಯಾತ ಭಾಷೆಗಳನ್ನು ಮಾನ್ಯಮಾಡಿದ 1999ರ 482ನೆಯ ಕಾಯಿದೆಯ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನ ದೊರೆತಿಲ್ಲ. ಆದರೆ ಈ ಪದದ ಚರಿತ್ರೆ ಉಪಭಾಷೆಯೆಂಬ ಮಾತನ್ನು ಸಮರ್ಥಿಸುವುದಿಲ್ಲ.

ಎರಡು ರೂಪಗಳೂ ಲ್ಯಾಟಿನ್ನಿನ ‘ಪ್ಲಂತಾರೆ’ಯಿಂದ ಸ್ವತಂತ್ರವಾಗಿ ಇಳಿದುಬಂದವು. ಪದಾದಿಯ ಲಕಾರ ಎರಡೆಡೆಯೂ ತಾಲವ್ಯವಾಯಿತು. ಇಟಾಲಿಯನ್ನಿನಲ್ಲಿ ಬದಲಾವಣೆ ಯಕಾರಕ್ಕೆ ನಿಂತಿತು; ಲಿಗೂರಿಯನ್ನಿನಲ್ಲಿ ಮುಂದುವರಿದು ಪಕಾರವನ್ನೂ ನುಂಗಿ ಚಕಾರವಾಯಿತು. ‘ಚಸ’ (ಚೌಕ) ಎಂಬುದು ‘ಪ್ಲತೇಅ’ದಿಂದ ಬಂದುದೂ ಹೀಗೆಯೇ. ‘ಕ್ಲ’ ಕೂಡ ಇದೇ ದಾರಿ ಹಿಡಿಯಿತು: ‘ಚಾವೆ’ (ಬೀಗದಕೈ). ಆದರೆ ‘ಫ್ಲ’ ಶಕಾರವಾಗಿ ಬೇರೆಯೇ ಉಳಿಯಿತು: ‘ಶಮ’ (ಜ್ವಾಲೆ).

ಈ ಕೊನೆಯ ಅಂಶ ನಮಗೆ ಮುಖ್ಯ. ಗಲೀಷಿಯನ್ನಿನಲ್ಲಿ ‘ಚಂತಾರ್’ ಇದೆ, ಪೋರ್ಚುಗೀಸಿನಲ್ಲಿಯೂ ಅದರ ಜೊತೆಗಾರ ಪದವಿದೆ. ‘ಚಂತಾ’ದೊಡನೆ ಇವುಗಳ ಸಾಮ್ಯ ಬೆರಗು ಹುಟ್ಟಿಸುವಂಥದು, ವಿಶೇಷ ಸಂಬಂಧವನ್ನು ಊಹಿಸುವ ಆಸೆಯೂ ಸಹಜ. ಆದರೆ ಆ ಭಾಷೆಗಳಲ್ಲಿ ‘ಪ್ಲ’, ‘ಕ್ಲ’, ‘ಫ್ಲ’ ಮೂರೂ ಒಂದೇ ಚಕಾರದಲ್ಲಿ ಸೇರಿಹೋದವು. ಲಿಗೂರಿಯನ್ನಿನಲ್ಲಿ ಮೂರನೆಯದು ಸೇರಲಿಲ್ಲ. ಒಂದು ಪದ ಹೊಂದಿದ ಮಾತ್ರಕ್ಕೆ ವ್ಯವಸ್ಥೆ ಹೊಂದೀತೆಂದಲ್ಲ. ಇದನ್ನು ಸಮಾನಾಂತರ ಬೆಳವಣಿಗೆಯೆಂದೇ ನಾವು ಗಣಿಸುತ್ತೇವೆ.

ಲ್ಯಾಟಿನ್ನಿನ ‘ಪ್ಲಂತ’ಕ್ಕೆ ಅಂಗಾಲು, ನೆಡುವ ಕಡ್ಡಿ ಎಂಬ ಎರಡರ್ಥಗಳಿದ್ದವು. ಬುಡದ ಮಣ್ಣನ್ನು ಅಂಗಾಲಿನಿಂದ ಒತ್ತುವುದೇ ಕ್ರಿಯಾಪದದ ಮೊದಲ ಅರ್ಥವೆಂದೂ ನೆಟ್ಟ ಕಡ್ಡಿಗೆ ಹೆಸರು ಅನಂತರ ಬಂದಿತೆಂದೂ ಹೇಳುವ ವಿವರಣೆ ನಮಗೆ ಒಪ್ಪಿಗೆಯಾಗಿದೆ. ಇದರ ಹಿಂದಿನ ಧಾತುವಿಗೆ ಚಪ್ಪಟೆ, ವಿಶಾಲ ಎಂಬರ್ಥ. ಗ್ರೀಕಿನ ‘ಪ್ಲತೂಸ್’, ಸಂಸ್ಕೃತದ ‘ಪೃಥು’, ‘ಪೃಥ್ವೀ’ ಅದರವೇ. ‘ಪ್ಲತೇಅ’ ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದ ಎರವಲಾದುದರಿಂದ ಜಿನೋವಾದ ‘ಚಂತಾ’ವೂ ‘ಚಸ’ವೂ ದೂರದ ದಾಯಾದಿಗಳಾಗುತ್ತವೆ.

ಎರವಲು ಪಡೆದವರ ಕಥೆ ಬೇರೆ. ಜರ್ಮನ್ನಿನ ‘ಪ್ಫ್ಲಂತ್ಸೆನ್’ ತನ್ನ ಪ, ತ ಎರಡನ್ನೂ ಬದಲಿಸಿಕೊಂಡಿರುವುದರಿಂದ ಅದು ಉನ್ನತ ಜರ್ಮನ್ ವ್ಯಂಜನ ಪಲ್ಲಟಕ್ಕೆ ಮೊದಲೇ ಬಂದುದೆಂದು ತಿಳಿಯುತ್ತದೆ. ಪಕಾರವಿಲ್ಲದಿದ್ದ ಪ್ರಾಚೀನ ಐರಿಷ್ ಕಕಾರದಿಂದ ಕೆಲಸ ಸಾಗಿಸಿತು: ‘ಕ್ಲನ್ನ್’. ವೆಲ್ಷ್ ‘ಪ್ಲಂತ್’ ಎಂದೇ ಉಳಿಸಿಕೊಂಡಿತು. ಆ ಎರಡು ಭಾಷೆಗಳಲ್ಲಿಯೂ ನೆಟ್ಟ ಕಡ್ಡಿ ಸಂತಾನವಾಯಿತು. ವೆಲ್ಷಿನಲ್ಲಿ ಇಂದಿಗೂ ಅದರರ್ಥ ‘ಮಕ್ಕಳು’.