ಸ್ನಾತಕೋತ್ತರ ಓದು: ಹಣ ಹೊಂದಿಸುವುದು, ದಿನ ಸಾಗಿಸುವುದು

ಪದವಿ ಮುಗಿಸಿದ ಮಕ್ಕಳನ್ನು ಎಂ.ಎ., ಎಂ.ಎಸ್ಸಿ., ಎಂ.ಟೆಕ್. ಅಥವಾ ಪಿಎಚ್.ಡಿ.ಗೆ ಕಳುಹಿಸಬೇಕೆಂದಿರುವ ಕುಟುಂಬಗಳಿಗೆ ಅನುಕೂಲವಾಗಲೆಂದು ಈ ಮಾಹಿತಿಯನ್ನು ಒಂದೆಡೆ ಸೇರಿಸಿದ್ದೇನೆ. ನಾನು ಓದಿದ್ದು ಪಿಯುಸಿವರೆಗೆ ಮಾತ್ರ. ಕಿಕ್ಕೇರಿಯಲ್ಲಿ ವ್ಯಾಪಾರ ಮಾಡಿಕೊಂಡು, ಬಿಡುವಿನಲ್ಲಿ ಸುತ್ತಮುತ್ತಲಿನ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡುತ್ತಾ ಬಂದಿದ್ದೇನೆ. ಆ ಕೆಲಸದಲ್ಲಿ ಕಲಿತದ್ದೇ ಇಲ್ಲಿದೆ.

ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ. ಮೇಲಿನ ಓದಿಗೆ ಹಣ ಸಿಗುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಸಿಗುತ್ತದೆ, ಆದರೆ ತಡವಾಗಿ ಸಿಗುತ್ತದೆ. ನಾನು ಕಂಡಂತೆ ಮಕ್ಕಳು ಓದು ಬಿಡುವುದು ಈ ನಡುವಿನ ತಿಂಗಳುಗಳಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಹುಡುಗನೊಬ್ಬನಿಗೆ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಅವನ ಅರ್ಜಿ ತುಂಬಿಸಿದವನು ನಾನೇ. ದೀಪಾವಳಿಗೆ ಊರಿಗೆ ಬಂದವನು, "ಮಾವ, ಇನ್ನೂ ಹಣ ಬಂದಿಲ್ಲ, ಮೆಸ್ಸಿನ ಬಾಕಿ ಇದೆ" ಎಂದ. "ಬರ್ತದೆ ಕಣಪ್ಪ, ಸ್ವಲ್ಪ ತಡ್ಕೊ" ಎಂದು ಕಳುಹಿಸಿದೆ. ಹಣ ಬಂದೂ ಬಂತು. ಬರುವಷ್ಟರಲ್ಲಿ ಅವನು ಓದು ಬಿಟ್ಟು ಬೆಂಗಳೂರಿನ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅವನಿಗೆ ಆ ದಿನ ಬೇಕಾಗಿದ್ದದ್ದು ಕೆಲವೇ ಸಾವಿರ ರೂಪಾಯಿ. ಅಂಗಡಿಯಲ್ಲಿ ದಿನಾ ಸಾಲ ಕೊಡುವ ನನಗೆ ಅದು ಹೊಳೆಯಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಹಾಗಾಗದಿರಲಿ ಎಂಬುದೇ ಈ ಬರಹದ ಉದ್ದೇಶ.

ಹಿರಿಯರು ಮಾಡಿದ್ದೇನು?

ನಮ್ಮ ಹಿರಿಯರಿಗೆ ಈ ವಿಷಯ ಗೊತ್ತಿತ್ತು. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಆ ಕಾಲದ ಮುಖಂಡರು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಯಂತಹ ಊರುಗಳಲ್ಲಿ ಜೈನ ಬೋರ್ಡಿಂಗ್‌ಗಳನ್ನು ತೆರೆದರು. ಶಾಲೆ ಕಾಲೇಜುಗಳು ಊರಲ್ಲಿದ್ದವು. ಹಳ್ಳಿಯಿಂದ ಬಂದ ಹುಡುಗನಿಗೆ ಇಲ್ಲದಿದ್ದದ್ದು ಮಲಗಲು ಜಾಗ ಮತ್ತು ತನ್ನ ಆಚಾರಕ್ಕೆ ಒಪ್ಪುವ ಊಟ. ಅವೆರಡನ್ನು ಮೊದಲು ಒದಗಿಸಿದರು.

ಕೊಲ್ಹಾಪುರದ ಬೋರ್ಡಿಂಗ್‌ನಲ್ಲಿ ಇದ್ದು ಓದಿದವರಲ್ಲಿ ಭಾವೂರಾವ್ ಪಾಟೀಲರು (1887-1959) ಒಬ್ಬರು. ಅವರ ಪೂರ್ವಿಕರು ಮೂಡುಬಿದಿರೆ ಕಡೆಯವರೆಂದು ಹೇಳುತ್ತಾರೆ. ಅವರು 1919ರಲ್ಲಿ ಆರಂಭಿಸಿದ ರಯತ ಶಿಕ್ಷಣ ಸಂಸ್ಥೆ, ದುಡಿಯುತ್ತಾ ಕಲಿಯುವ ಪದ್ಧತಿಯಿಂದ ಬಡ ಮಕ್ಕಳನ್ನು ಓದಿಸಿತು. ಚಿಕ್ಕೋಡಿ ಕಡೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆ ಅವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಕೃತ ವಿದ್ವಾಂಸರೆಂದು ಹೆಸರಾಗಿ, ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಕ್ಕೆ ಬಂದರು. ಆ ವಿಭಾಗ ಇರುವ ಮಾನಸಗಂಗೋತ್ರಿಗೆ ಇಂದು ಕೆ.ಆರ್.ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಹೋಗುವ ಬಸ್ಸಿನಲ್ಲಿ ನಮ್ಮ ಮಕ್ಕಳೂ ಹೋಗುತ್ತಾರೆ.

ಹಣ ಎಲ್ಲೆಲ್ಲಿಂದ?

1. ಅಲ್ಪಸಂಖ್ಯಾತರಿಗಾಗಿ ಇರುವ ಯೋಜನೆಗಳು. 2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನ ಸಮುದಾಯವನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚನೆ ಹೊರಡಿಸಿತು. ಹೀಗಾಗಿ ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಪೂರ್ಣಾವಧಿ ಪಿಎಚ್.ಡಿ. ಸಂಶೋಧಕರ ಫೆಲೋಶಿಪ್‌ಗೆ ನಮ್ಮವರೂ ಅರ್ಜಿ ಹಾಕಬಹುದು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯಲ್ಲಿ ವೃತ್ತಿಪರ ಕೋರ್ಸುಗಳಿಗೆ ಕಡಿಮೆ ದರದ ಸಾಲ ಇದೆ. ಆದಾಯ ಮಿತಿ ಯೋಜನೆಯಿಂದ ಯೋಜನೆಗೆ ಬೇರೆ. ಆಯಾ ವರ್ಷದ ಪ್ರಕಟಣೆಯನ್ನೇ ಓದಿ ಅರ್ಜಿ ಹಾಕಬೇಕು.

ಹಳೆಯ ಮಾಹಿತಿ ನಂಬಿ ಕೂರಬಾರದು. ಅಲ್ಪಸಂಖ್ಯಾತ ಸಂಶೋಧಕರಿಗೆ ಕೇಂದ್ರ ಕೊಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಹಾಗೂ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ಕೊಡುತ್ತಿದ್ದ 'ಪಢೋ ಪರದೇಶ್' ಯೋಜನೆ 2022-23ರಿಂದ ಹೊಸಬರಿಗೆ ನಿಂತಿವೆ. ಇವೆರಡನ್ನೂ ಕೇಳಿಕೊಂಡು ಈಗಲೂ ಜನ ಬರುತ್ತಾರೆ.

2. ಪರೀಕ್ಷೆ ಬರೆದು ಪಡೆಯುವ ಹಣ. ಇದು ಜಾತಿ, ಆದಾಯ ನೋಡಿ ಕೊಡುವ ಹಣವಲ್ಲ, ಅಂಕ ನೋಡಿ ಕೊಡುವುದು. ಯುಜಿಸಿ-ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂ., ಎರಡು ವರ್ಷದ ನಂತರ ಎಸ್.ಆರ್.ಎಫ್. ಆದಾಗ 42,000 ರೂ. ನಿಗದಿಯಾಗಿದೆ. ಮನೆ ಬಾಡಿಗೆ ಭತ್ಯೆ ಬೇರೆ. ಪರೀಕ್ಷೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಸುತ್ತು ಎಂದು ನಡೆಯುತ್ತದೆ. ಎಂ.ಎ. ಕೊನೆಯ ವರ್ಷದಲ್ಲಿದ್ದಾಗಲೇ ಬರೆಯಬಹುದು. ಕನ್ನಡ, ಪ್ರಾಕೃತ, ಹಾಗೂ ಬೌದ್ಧ-ಜೈನ-ಗಾಂಧಿ-ಶಾಂತಿ ಅಧ್ಯಯನ ಇವೆಲ್ಲ ನೆಟ್ ವಿಷಯಗಳ ಪಟ್ಟಿಯಲ್ಲಿವೆ. ಜೈನಶಾಸ್ತ್ರ ಓದಿದರೆ ಮುಂದೇನು ಎಂದು ಕೇಳುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಎಂಜಿನಿಯರಿಂಗ್ ಓದಿದವರು ಗೇಟ್ ಪರೀಕ್ಷೆಯ ಅರ್ಹತೆಯಿಂದ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂ. ಸ್ಟೈಪೆಂಡ್ ಇದೆ.

3. ಬ್ಯಾಂಕ್ ಸಾಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನು, ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯ ಪಡೆಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಓದುವ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿ ಇದೆ. ಇದಕ್ಕೂ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳೆಂಬ ಮಿತಿ ಇದೆ. ಸೇರುವ ಸಂಸ್ಥೆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.

ವ್ಯಾಪಾರಿಯಾಗಿ ಒಂದು ಮಾತು: ಸಾಲ ತೀರಿಸುವುದು ಓದು ಮುಗಿದ ಒಂದು ವರ್ಷದ ನಂತರ ಎಂದರೆ, ಬಡ್ಡಿಯೂ ಆಗಲೇ ಶುರು ಎಂದಲ್ಲ. ಕೈಗೆ ಬಂದ ದಿನದಿಂದ ಬಡ್ಡಿ ಓಡುತ್ತದೆ. 4 ಲಕ್ಷಕ್ಕೆ ಶೇ. 10ರಂತೆ ವರ್ಷಕ್ಕೆ 40,000 ರೂ. ಎರಡು ವರ್ಷದ ಓದು, ಮೇಲೊಂದು ವರ್ಷ ಎಂದರೆ 1,20,000 ರೂ. ಕಂತಿನಲ್ಲಿ ಹಣ ಪಡೆದರೆ ಇದಕ್ಕಿಂತ ಕಡಿಮೆ. ಆದ್ದರಿಂದ ಬೇಕಾದಾಗ ಬೇಕಾದಷ್ಟನ್ನೇ ಪಡೆಯಿರಿ. ಮನೆಯವರಿಗೆ ಸಾಧ್ಯವಾದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ.

4. ಇತರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದ ಸದಸ್ಯರ ಮಕ್ಕಳಿಗೆ 'ಸುಜ್ಞಾನನಿಧಿ' ಶಿಷ್ಯವೇತನವಿದೆ. ಹೆಚ್ಚಾಗಿ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಕೊಡುತ್ತಾರೆ. ತಾಯಂದಿರು ಸಂಘದಲ್ಲಿದ್ದರೆ ಸೇವಾಪ್ರತಿನಿಧಿಯನ್ನು ಕೇಳಿ. ವಿದೇಶಕ್ಕೆ ಹೋಗುವವರಿಗೆ 1892ರಿಂದ ನಡೆದುಬಂದ ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲರೂಪದ ವಿದ್ಯಾರ್ಥಿವೇತನವಿದೆ.

ಯುವನಿಧಿ ಬಗ್ಗೆ ಒಂದು ಎಚ್ಚರಿಕೆ. ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂ. ಕೊಡುವ ಈ ಯೋಜನೆ, ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅನ್ವಯಿಸುವುದಿಲ್ಲ. ಅದನ್ನು ಓದಿನ ಖರ್ಚಿನ ಲೆಕ್ಕದಲ್ಲಿ ಹಿಡಿಯಬೇಡಿ.

ಕಾಗದಪತ್ರ: ಸೀಟು ಸಿಗುವ ಮೊದಲೇ

ಹಣ ತಡವಾಗಲು ಕಾರಣ ಸರ್ಕಾರವೊಂದೇ ಅಲ್ಲ. ಅರ್ಧ ತಡ ನಮ್ಮ ಕಡೆಯಿಂದ ಆಗುತ್ತದೆ. ಕೊನೆಯ ವರ್ಷದ ಪದವಿ ಪರೀಕ್ಷೆ ನಡೆಯುವಾಗಲೇ ಈ ಕೆಲಸಗಳು ಮುಗಿದಿರಲಿ:

- ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಆರ್.ಡಿ. ಸಂಖ್ಯೆಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಕೇಳುತ್ತದೆ. ಆದಾಯ ಪತ್ರದ ಅವಧಿ ಮುಗಿದಿದೆಯೇ ನೋಡಿಕೊಳ್ಳಿ.
- ದಿಗಂಬರ ಜೈನರು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ 3ಬಿಯಲ್ಲಿದ್ದಾರೆ. ಪ್ರವೇಶದ ಮೀಸಲಾತಿಗೆ ಅದರ ಪ್ರಮಾಣಪತ್ರ, ಅಲ್ಪಸಂಖ್ಯಾತ ಯೋಜನೆಗೆ ಧರ್ಮ ತೋರಿಸುವ ಪತ್ರ. ಎರಡೂ ಇರಲಿ.
- ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ 'ಜೈನ್' ಸೇರಿ ಇನ್ನೊಂದರಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.
- ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಹಣ ಹೋಗುವುದು ಆ ಖಾತೆಗೇ.

ಕೊನೆಯದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಒಬ್ಬ ಹುಡುಗಿ ಫೋನ್ ಮಾಡಿ, "ದೊಡ್ಡಪ್ಪ, ಹಣ ಜಮಾ ಆಗಿದೆ ಅಂತ ತೋರಿಸ್ತಿದೆ, ಖಾತೇಲಿ ಮಾತ್ರ ಇಲ್ಲ" ಎಂದು ಅಳುತ್ತಿದ್ದಳು. ಹೈಸ್ಕೂಲಿನಲ್ಲಿ ತೆರೆದು ಮರೆತಿದ್ದ ಹಳೆಯ ಖಾತೆಯಲ್ಲಿ ಆ ಹಣ ನಾಲ್ಕು ತಿಂಗಳಿಂದ ಕೂತಿತ್ತು.

ಮೊದಲ ಆರು ತಿಂಗಳ ಗಂಟು

ನನ್ನ ಸಲಹೆ ಇಷ್ಟೆ. ಶುಲ್ಕ ಕಟ್ಟಿದ ಮೇಲೆ, ಆರು ತಿಂಗಳ ಊಟ-ವಸತಿ-ಓಡಾಟದ ಹಣ ಬೇರೆ ಖಾತೆಯಲ್ಲಿ ಇರಲಿ. ತಿಂಗಳಿಗೆ 7,000 ರೂ. ಎಂದು ಹಿಡಿದರೆ 42,000 ರೂ. ವಿದ್ಯಾರ್ಥಿವೇತನ ಬಂದಾಗ ಮೊದಲು ಈ ಗಂಟನ್ನು ತುಂಬಿಸಿ, ಉಳಿದದ್ದನ್ನು ಖರ್ಚಿಗೆ ತೆಗೆಯಿರಿ. ಹಣ ಬರುವುದೆಂದು ಮುಂಚೆಯೇ ಮೊಬೈಲ್, ಬೈಕ್ ಕಂತಿಗೆ ಕೈ ಹಾಕಬೇಡಿ.

ಖರ್ಚು ಕಡಿಮೆ ಮಾಡುವ ದಾರಿಗಳಿವೆ. ವಿಶ್ವವಿದ್ಯಾನಿಲಯದ ಹಾಸ್ಟೆಲ್‌ಗೆ ಪ್ರವೇಶ ಸಿಕ್ಕ ವಾರದಲ್ಲೇ ಅರ್ಜಿ ಹಾಕಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ಮನೆ ಬಿಡಲು ಆಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಕೋರ್ಸುಗಳಿವೆ.

ಊಟ, ವ್ರತ, ಆರೋಗ್ಯ

ನಮ್ಮ ಮಕ್ಕಳಿಗೆ ಹಾಸ್ಟೆಲ್‌ನಲ್ಲಿ ಊಟದ್ದೇ ತೊಂದರೆ. ರಾತ್ರಿ ಊಟ ಎಂಟು ಗಂಟೆಗೆ, ಸಾರಿನಲ್ಲಿ ಈರುಳ್ಳಿ, ಆಲೂಗಡ್ಡೆ. ಕೆಲವರು ಹೇಳಲು ನಾಚಿ ಬರೀ ಮೊಸರನ್ನ ತಿಂದು ಸೊರಗುತ್ತಾರೆ, ಕೆಲವರು ಹೊರಗೆ ತಿಂದು ಹಣ ಕಳೆಯುತ್ತಾರೆ. ಸೇರಿದ ದಿನವೇ ವಾರ್ಡನ್‌ಗೆ ವಿಷಯ ತಿಳಿಸಿ, ಸಂಜೆ ಬೇಗ ಊಟ ಕೊಡಲು ಸಾಧ್ಯವೇ ಎಂದು ಕೇಳಿ. ಆಗದಿದ್ದರೆ ಮೂರ್ನಾಲ್ಕು ಮಂದಿ ಸೇರಿ ಕೋಣೆ ಹಿಡಿದು ಅಡುಗೆ ಮಾಡಿಕೊಳ್ಳುವುದು ಅಗ್ಗ. ಊರಿಂದ ಹೋಗುವಾಗ ರಾಗಿ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ ಕಟ್ಟಿಕೊಡಿ. ಪ್ರಯೋಗಾಲಯದಲ್ಲಿ ಸಂಜೆಯಾದರೂ ಸೂರ್ಯಾಸ್ತಕ್ಕೆ ಮುಂಚೆ ಏನಾದರೂ ಹೊಟ್ಟೆಗೆ ಬೀಳುತ್ತದೆ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವವರು ಪರೀಕ್ಷೆಯ ದಿನ ನೋಡಿಕೊಂಡು, ಶಕ್ತಿಗೆ ತಕ್ಕಂತೆ ನಿಯಮ ಹಿಡಿಯಲಿ.

ಪಿಎಚ್.ಡಿ. ಎಂದರೆ ನಾಲ್ಕೈದು ವರ್ಷದ ಕೆಲಸ. "ಇನ್ನೂ ಮುಗಿದಿಲ್ಲವೇ? ಮದುವೆ ಯಾವಾಗ?" ಎಂದು ಬಸದಿಯಲ್ಲಿ, ಮದುವೆಮನೆಯಲ್ಲಿ ಕೇಳುವುದನ್ನು ನಾವು ಹಿರಿಯರು ಬಿಡಬೇಕು. ಆ ಪ್ರಶ್ನೆಗೆ ಹೆದರಿ ಊರಿಗೆ ಬರುವುದನ್ನೇ ಬಿಟ್ಟ ಮಕ್ಕಳಿದ್ದಾರೆ. ತಿಂಗಳಿಗೊಮ್ಮೆ ತಂದೆತಾಯಿ ಹೋಗಿ ನೋಡಿ ಬಂದರೆ, ಹಣದ ತೊಂದರೆಯೂ ಮನಸ್ಸಿನ ತೊಂದರೆಯೂ ಬೇಗ ತಿಳಿಯುತ್ತದೆ.

ಸಮಾಜ ಮಾಡಬಹುದಾದದ್ದು

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಶಾಸ್ತ್ರದಾನ ಎಂದರೆ ಓದುವವನ ಕೈಗೆ ಗ್ರಂಥ ಮುಟ್ಟಿಸುವುದು. ಓದುವವನನ್ನು ತರಗತಿಯಲ್ಲೇ ಉಳಿಸುವುದೂ ಅದರಲ್ಲಿ ಸೇರಿದೆ ಎಂದು ನಾನು ತಿಳಿದಿದ್ದೇನೆ.

ಪ್ರತಿ ಊರಿನ ಬಸದಿ ಸಮಿತಿ ಅಥವಾ ಮಹಿಳಾ ಸಂಘ ಒಂದು ಸಣ್ಣ ಕೈಗಡ ನಿಧಿ ಇಡಬಹುದು. ದೊಡ್ಡ ಮೊತ್ತ ಬೇಡ. ಬಡ್ಡಿ ಇಲ್ಲದೆ ಆರು ತಿಂಗಳ ಮೆಸ್ಸಿನ ಹಣ ಕೊಟ್ಟು, ವಿದ್ಯಾರ್ಥಿವೇತನ ಬಂದಾಗ ವಾಪಸ್ ಪಡೆದು ಇನ್ನೊಬ್ಬರಿಗೆ ಕೊಡುವುದು. ಲೆಕ್ಕ ಇಬ್ಬರ ಸಹಿಯಲ್ಲಿರಲಿ, ಪಡೆದವರ ಹೆಸರನ್ನು ಸಭೆಯಲ್ಲಿ ಓದುವುದು ಬೇಡ. ಆ ಹುಡುಗ ಓದು ಬಿಟ್ಟ ಮೇಲೆ ನಾವು ನಾಲ್ಕು ಮಂದಿ ಅಂಗಡಿಯವರು ಹೀಗೆ ಶುರು ಮಾಡಿದೆವು. ಇದುವರೆಗೆ ಕೊಟ್ಟದ್ದು ಕೆಲವರಿಗೆ ಮಾತ್ರ. ವಾಪಸ್ ಬಾರದೆ ಹೋದದ್ದು ಒಂದೇ ಸಲ, ಅದನ್ನು ನಾವು ದಾನದ ಲೆಕ್ಕಕ್ಕೆ ಬರೆದುಕೊಂಡೆವು.

ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಈ ವರ್ಷ ಪದವಿ ಮುಗಿಸುವವರಿದ್ದರೆ, ಮುಂದೆ ಓದುವ ಆಸೆ ಇದೆಯೇ ಎಂದು ಈಗಲೇ ಕೇಳಿ. ಇದೆ ಎಂದರೆ, ನಾಳೆಯೇ ನಾಡಕಚೇರಿಗೆ ಕರೆದುಕೊಂಡು ಹೋಗಿ.