ಬಿತ್ತಬಾರದೆಂಬ ಆಜ್ಞೆ

ಮಾಗಿಯ ಚಳಿ ಶಿವರಾತ್ರಿಯ ಹೊತ್ತಿಗೆ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆಂಬ ಮಾತನ್ನು ಕೇಳುತ್ತ ಬೆಳೆದವರು ನಾವು. ವರ್ಗವಾಗಿ ದಿಲ್ಲಿಗೆ ಬಂದ ಮೊದಲ ಜನವರಿಯಲ್ಲಿ, ಬೆಳಗಿನ ಹತ್ತು ಗಂಟೆಯಾದರೂ ಕಚೇರಿಯ ಕಾವಲುಗಾರ ಅಂಗೀಠಿಯ ಮುಂದಿನಿಂದ ಏಳಲಾರದೆ ಕುಳಿತಿದ್ದುದನ್ನು ಕಂಡಾಗ, ಆ ಮಾತು ನಮ್ಮ ಊರಿನ ಚಳಿಗೆ ಮಾತ್ರ ಸಲ್ಲುವುದೆಂದು ತಿಳಿಯಿತು. ಪಶ್ಚಿಮದಿಂದ ಬರುವ ವಾಯುಕ್ಷೋಭೆ ಹಿಮಾಲಯದಲ್ಲಿ ಹಿಮ ಸುರಿಸಿ ಮುಂದೆ ಸಾಗಿದ ಮೇಲೆ, ಆ ಹಿಮದ ಮೇಲಿನಿಂದ ಬೀಸುವ ಗಾಳಿ ಬಯಲಿಗಿಳಿಯುತ್ತದೆ. ಹಾಗಿದ್ದೂ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ, 1935ರ ಜನವರಿ 16ರಂದು, ಸೊನ್ನೆಗಿಂತ 0.6 ಡಿಗ್ರಿ ಕೆಳಗೆ ಮಾತ್ರ. ಇಷ್ಟಕ್ಕೇ ನಡುಗುವ ನಾವು ಒಂದು ಚಳಿಗಾಲದಲ್ಲಿ ಯೂರೋಪಿನ 1709ರ ಮಹಾಶೈತ್ಯದ ವೃತ್ತಾಂತಗಳನ್ನು ಓದತೊಡಗಿದೆವು.

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಾಗಿದ್ದಾಗ ನಮಗೆ ಪರಿಚಿತವಾಗಿದ್ದುದು ಬೇರೆ ಬಗೆಯ ಚಳಿ. ವರ್ಜೀನಿಯಾ ವುಲ್ಫ್ ಅವರ ‘ಒರ್ಲಾಂಡೊ’ದಲ್ಲಿ ಬರುವ, ಹೆಪ್ಪುಗಟ್ಟಿದ ಥೇಮ್ಸ್ ನದಿಯ ಮೇಲೆ ಜಾತ್ರೆ ನೆರೆಯುವ ಚಳಿ ಅದು. 1709ರ ಕಥೆಯಲ್ಲಿ ಜಾತ್ರೆಗಿಂತ ಹೆಚ್ಚಾಗಿ ಕಾಣುವುದು ಹೊಲ ಮತ್ತು ಕಣಜ.

ಆ ವರ್ಷದ ಜನವರಿ 5ರವರೆಗೆ ಫ್ರಾನ್ಸಿನಲ್ಲಿ ಮಳೆಯಿಂದ ತೊಯ್ದ, ಚಳಿ ಅಷ್ಟಾಗಿಲ್ಲದ ಹವೆಯಿತ್ತು. ಆ ರಾತ್ರಿ ಈಶಾನ್ಯದ ಕಡೆಯಿಂದ ಶೀತಗಾಳಿ ನುಗ್ಗಿತು. ಶೀತಗಾಳಿ ಬೆಚ್ಚನೆಯ ಗಾಳಿಗಿಂತ ಭಾರವಾದುದರಿಂದ ನೆಲಕ್ಕೆ ಒತ್ತಿಕೊಂಡು, ಬೆಣೆಯಂತೆ ಅದರ ಅಡಿಗೆ ಸೇರಿ ಅದನ್ನು ಮೇಲಕ್ಕೆತ್ತುತ್ತದೆ. ಆದ್ದರಿಂದಲೇ ಉಷ್ಣಾಂಶ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಮಳೆಯ ನೀರು ಕುಡಿದಿದ್ದ ನೆಲ ಕಲ್ಲಾಯಿತು. ನದಿಗಳು ಹೆಪ್ಪುಗಟ್ಟಿದವು, ದೋಣಿಗಳಲ್ಲಿ ಧಾನ್ಯ ಬರುವುದು ನಿಂತಿತು. ವೆನಿಸ್ಸಿನ ಹಿನ್ನೀರಿನ ಮೇಲೆ ಜನ ನಡೆದಾಡಿದರು. ಇಂಗ್ಲೆಂಡಿನ ಅಪ್‌ಮಿನ್‌ಸ್ಟರ್‌ನಲ್ಲಿ ಪಾದ್ರಿಯಾಗಿದ್ದ ವಿಲಿಯಂ ಡೆರ್‌ಹ್ಯಾಮ್ ತಮ್ಮ ಉಷ್ಣಮಾಪಕ ತೋರಿದ್ದನ್ನು ಬರೆದಿಟ್ಟರು. ಇಂದಿನ ಅಳತೆಯಲ್ಲಿ ಅದು ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗಿತ್ತು. ಕಳೆದ 500 ವರ್ಷಗಳಲ್ಲಿ ಯೂರೋಪು ಕಂಡ ಅತ್ಯಂತ ಶೀತಲ ಚಳಿಗಾಲವೆಂದು ಹವಾಮಾನದ ಇತಿಹಾಸಕಾರರು ಅದನ್ನು ಗುರುತಿಸಿದ್ದಾರೆ.

ವರ್ಸೇಲ್ಸ್ ಅರಮನೆಯ ಒಳಹೊರಗನ್ನು ಬಲ್ಲ ಸೇಂಟ್ ಸಿಮೋನ್ ಪ್ರಭು ತನ್ನ ನೆನಪಿನ ಬರಹಗಳಲ್ಲಿ, ಬೆಂಕಿ ಉರಿಯುತ್ತಿದ್ದ ಕೋಣೆಗಳ ಕಪಾಟುಗಳಲ್ಲಿಯೂ ಸೀಸೆಗಳು ಒಡೆದದ್ದನ್ನು, ಊಟದ ಹೊತ್ತಿನಲ್ಲಿ ಮದ್ಯದೊಡನೆ ಮಂಜಿನ ಚೂರುಗಳು ಲೋಟಕ್ಕೆ ಬಿದ್ದದ್ದನ್ನು ಬರೆದಿದ್ದಾನೆ. ಅರಮನೆಯ ಪಾಡೇ ಹೀಗಿದ್ದರೆ ಗುಡಿಸಲುಗಳ ಪಾಡನ್ನು ವಿವರಿಸಬೇಕಾಗಿಲ್ಲ.

ಆದರೆ ಕೇಡಿನ ಮೂಲವನ್ನು ಆತ ಗುರುತಿಸಿದ್ದು ಬೇರೆಡೆ. ಜನವರಿಯ ಕೊನೆಯಲ್ಲಿ ಚಳಿ ಹಿಮ್ಮೆಟ್ಟಿತು. ಶರತ್ಕಾಲದಲ್ಲಿ ಬಿತ್ತಿದ ಗೋಧಿಯ ಎಳೆಪೈರನ್ನು ಹಿಮದ ಹೊದಿಕೆಯೇ ಕಾಪಾಡುವುದು ಆ ದೇಶಗಳ ಕ್ರಮ. ಆ ಹೊದಿಕೆ ಕರಗಿ, ನೀರು ಬೇರಿಗಿಳಿಯಿತು. ಫೆಬ್ರವರಿಯಲ್ಲಿ ಚಳಿ ಮತ್ತೆ ಮರಳಿದಾಗ ಬತ್ತಲಾದ ನೆಲದಲ್ಲಿ ಬೇರುಗಳು ಹೆಪ್ಪುಗಟ್ಟಿ ಸತ್ತವು. ಆಲಿವ್, ಚೆಸ್ಟ್‌ನಟ್, ಆಕ್ರೋಟದ ಮರಗಳೂ ಒಣಗಿದವು. ಚಳಿ ಹೋಯಿತೆಂದು ನಂಬಿಸಿದ ಆ ಕೆಲವು ದಿನಗಳೇ ಒಂದು ವರ್ಷದ ಅನ್ನವನ್ನು ಕಿತ್ತುಕೊಂಡವು.

ಇಲ್ಲಿಂದ ಮುಂದಿನದು ಆಡಳಿತದ ಕಥೆ. ಸ್ಪೇನಿನ ಸಿಂಹಾಸನದ ಉತ್ತರಾಧಿಕಾರಕ್ಕಾಗಿ 1701ರಿಂದ ನಡೆಯುತ್ತಿದ್ದ ಯುದ್ಧ ಹದಿನಾಲ್ಕನೆಯ ಲೂಯಿಯ ಬೊಕ್ಕಸವನ್ನು ಬರಿದು ಮಾಡಿತ್ತು. ಪೈರು ಸತ್ತಿತೆಂಬ ಸುದ್ದಿ ಹಬ್ಬಿದೊಡನೆ, ಇದ್ದ ಧಾನ್ಯವೂ ಪೇಟೆಯಿಂದ ಮಾಯವಾಗಿ ಬೆಲೆ ಏರಿತು. ಯಾರ ಕಣಜದಲ್ಲಿ ಎಷ್ಟಿದೆಯೆಂದು ಎಲ್ಲರೂ ಘೋಷಿಸಬೇಕೆಂದು ಏಪ್ರಿಲ್‌ನಲ್ಲಿ ರಾಜಾಜ್ಞೆ ಹೊರಟಿತು. ಅರಸ ತನ್ನ ಬಂಗಾರದ ತಟ್ಟೆಗಳನ್ನು ಟಂಕಸಾಲೆಗೆ ಕಳುಹಿಸಿದ.

ನಮ್ಮನ್ನು ತಡೆದು ನಿಲ್ಲಿಸಿದ್ದು ಇವುಗಳ ನಡುವೆ ಸೇಂಟ್ ಸಿಮೋನ್ ಬರೆದಿಟ್ಟ ಒಂದು ಚಿಕ್ಕ ಸಂಗತಿ. ಗೋಧಿ ಸತ್ತ ಹೊಲಗಳನ್ನು ಮತ್ತೆ ಉತ್ತು, ವಿವೇಕಿಗಳಾದ ಕೆಲವರು ಬಾರ್ಲಿಯನ್ನು, ಎಂದರೆ ನಮ್ಮ ಜವೆಗೋಧಿಯನ್ನು, ಬಿತ್ತಿದರು. ವಸಂತದಲ್ಲಿ ಬಿತ್ತಿದರೂ ಬೇಸಗೆಯಲ್ಲಿ ಕೈಗೆ ಬರುವ ಬೆಳೆ ಅದು. ಅವರನ್ನು ಕಂಡು ಉಳಿದವರೂ ಬಿತ್ತತೊಡಗಿದರು. ಆಗ ಅಧಿಕಾರಿಗಳು ಅದನ್ನು ನಿಷೇಧಿಸಿದರು. ಆಮೇಲೆ ಪಶ್ಚಾತ್ತಾಪಪಟ್ಟರಾದರೂ ಹೊತ್ತು ಮೀರಿತ್ತು. ಜನರನ್ನು ಉಳಿಸಿದ್ದು ಆ ಬಾರ್ಲಿಯೇ ಎಂದು ಆತ ಬರೆಯುತ್ತಾನೆ.

ನಿಷೇಧಿಸಿದವರನ್ನು ದುಷ್ಟರೆಂದು ತಳ್ಳಿಹಾಕುವುದು ಸುಲಭ. ನಮಗೆ ಅದು ಸಾಧ್ಯವಾಗಲಿಲ್ಲ. ಇಪ್ಪತ್ತು ವರ್ಷಗಳಿಂದ ಟಿಪ್ಪಣಿ ಹಾಳೆಗಳ ಮೇಲೆ ಬರೆಯುತ್ತ ಬಂದಿರುವ ನಾವು ಆ ಆಜ್ಞೆಯ ಹಿಂದಿನ ತರ್ಕವನ್ನು ಚೆನ್ನಾಗಿಯೇ ಊಹಿಸಬಲ್ಲೆವು. ಗೋಧಿ ಬುಡದಿಂದ ಮತ್ತೆ ಚಿಗುರೀತು, ಅವಸರಪಟ್ಟು ಉತ್ತರೆ ಅದೂ ಹೋದೀತು. ಜನ ತಿನ್ನಬಹುದಾದ ಬಾರ್ಲಿಯನ್ನು ಮಣ್ಣಿಗೆ ಸುರಿಯುವುದು ಸರಿಯೆ? ಎಲ್ಲ ಪ್ರಾಂತಗಳಿಂದ ವರದಿ ಬರುವವರೆಗೆ ಕಾಯುವುದು ಲೇಸು. ಒಂದೊಂದೂ ಸಮಂಜಸವಾದ ವಾಕ್ಯವೇ. ಇವುಗಳ ಕೆಳಗೆ ನಾವೂ ಸಹಿ ಹಾಕುತ್ತಿದ್ದೆವೇನೋ. ಆದರೆ ವರದಿ ಬರುವಷ್ಟು ಕಾಲ ಬಿತ್ತನೆಯ ಹದ ಕಾಯುವುದಿಲ್ಲ. ಬೇರನ್ನು ಕಿತ್ತು ಬೆರಳುಗಳ ನಡುವೆ ಹಿಸುಕಿ ನೋಡಿದವನಿಗೆ ಪೈರು ಸತ್ತದ್ದು ಆಗಲೇ ಗೊತ್ತಿತ್ತು.

1709 ಮತ್ತು 1710ರಲ್ಲಿ ಫ್ರಾನ್ಸಿನಲ್ಲಿ ಸಾಮಾನ್ಯಕ್ಕಿಂತ ಸುಮಾರು 6 ಲಕ್ಷ ಹೆಚ್ಚು ಸಾವುಗಳಾದವೆಂದು ಇತಿಹಾಸಕಾರರ ಅಂದಾಜು. ಇವರಲ್ಲಿ ಚಳಿಯಿಂದ ನೇರವಾಗಿ ಸತ್ತವರಿಗಿಂತ, ಹಿಮ ಕರಗಿ ಬಿಸಿಲು ಬಂದ ಮೇಲೆ ಹಸಿವಿನಿಂದ, ಹಸಿದ ಮೈಗೆ ತಗುಲಿದ ಜ್ವರಗಳಿಂದ ಸತ್ತವರೇ ಹೆಚ್ಚು. ಜರ್ಮನಿಯ ರೈನ್ ಸೀಮೆಯಿಂದ ಸುಮಾರು 13,000 ಮಂದಿ ಅದೇ ವರ್ಷ ಊರು ಬಿಟ್ಟು ಲಂಡನ್ನಿಗೆ ಬಂದರು. ಯುದ್ಧ, ತೆರಿಗೆಗಳಿಂದ ಬಳಲಿದ್ದ ಅವರಿಗೆ ಈ ಚಳಿ ಕೊನೆಯ ಏಟಾಗಿತ್ತು. ಅವರಲ್ಲಿ ಹಲವರು ಮುಂದೆ ಅಮೆರಿಕದ ನ್ಯೂಯಾರ್ಕ್ ಪ್ರಾಂತಕ್ಕೆ ಹಡಗು ಹತ್ತಿದರು.

ಇಂದು ನಮಗೆ ಹವಾಮಾನ ಇಲಾಖೆಯ ಮುನ್ಸೂಚನೆ ಮೊದಲೇ ಬರುತ್ತದೆ. ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆಗೆ ಬಣ್ಣಗಳೂ ಇವೆ. ಸೇಂಟ್ ಸಿಮೋನನ ಕಾಲದವರಿಗೆ ಈ ಭಾಗ್ಯವಿರಲಿಲ್ಲ. ಆದರೂ ಮುನ್ಸೂಚನೆ ಬಂದ ಮೇಲೆ ಮಾಡಬೇಕಾದ ಕೆಲಸ ಅಂದಿನದೇ: ಎಲ್ಲಿ ಏನು ಆಗುತ್ತಿದೆಯೆಂದು ಅಲ್ಲಿರುವವನನ್ನು ಕೇಳುವುದು.

ಈ ಸಲದ ಜನವರಿಯಲ್ಲಿ ಕಚೇರಿಯ ಆವರಣದಲ್ಲಿ ಬೆಂಕಿ ಹಾಕಬಾರದೆಂಬ ಸುತ್ತೋಲೆಯೊಂದು ಸಹಿಗಾಗಿ ನಮ್ಮ ಮೇಜಿಗೆ ಬಂತು. ಹೊಗೆಯ ಕಾರಣ ಸರಿಯಾದುದೇ. ಸಹಿ ಮಾಡುವ ಮೊದಲು ಗೇಟಿನವರೆಗೆ ನಡೆದುಹೋಗಿ ಕಾವಲುಗಾರನನ್ನು ವಿಚಾರಿಸಿದೆವು. “ಬೆಂಕಿ ಬೇಡ ಸಾಹೇಬರೇ, ಈ ಗೂಡಿಗೆ ಒಂದು ಬಾಗಿಲು ಹಾಕಿಸಿಕೊಡಿ” ಎಂದ. ಸುತ್ತೋಲೆಗೆ ಆ ಒಂದು ಸಾಲನ್ನು ಸೇರಿಸಿ ಮೇಲಕ್ಕೆ ಕಳುಹಿಸಿದ್ದೇವೆ.